ಯಾಕೆ ಅಂತ ಕೇಳಿದ ವರ್ಷ

ಲೆಕ್ಕದ ಪಾಠದಲ್ಲಿ ನಗೋದಕ್ಕೇನಿದೆ ಅಂತ ಕೇಳುವವರು ಒಂದು ದಿನ ಮೂರನೇ ಕ್ಲಾಸಿನ ಮಕ್ಕಳ ಮುಂದೆ ನಿಂತು ನೋಡಬೇಕು. ನನಗಂತೂ ವಾರಕ್ಕೊಂದಾದರೂ ಇಂಥದ್ದು ಆಗುತ್ತಲೇ ಇತ್ತು. ಆಗದ ವಾರ ಇನ್ನೇನು ಕಾದಿದೆಯೋ ಅಂತ ಭಯ. ಭಯ ನನ್ನ ಹುಟ್ಟುಗುಣ. ಬಸ್ಸು ತಡವಾದರೂ ಭಯ, ಹೊತ್ತಿಗೆ ಸರಿಯಾಗಿ ಬಂದರೆ ಇನ್ನೂ ಭಯ. ಈಗ ಹೇಳಹೊರಟಿರೋ ಪ್ರಸಂಗಗಳಲ್ಲಿ ಒಂದಕ್ಕೂ ಆಗ ನಾನು ನಕ್ಕವಳಲ್ಲ. ನಗು ಬಂದಿದ್ದೆಲ್ಲ ಹತ್ತಾರು ವರ್ಷ ಕಳೆದ ಮೇಲೆ.

ಇವು ನನ್ನ ಕೆಲಸದ ಮೊದಲ ವರ್ಷದವು. ಐವತ್ತರ ದಶಕ ಮುಗಿಯುತ್ತಾ ಬಂದಿತ್ತು. ಹಾಸನದಲ್ಲಿ ಟ್ರೈನಿಂಗ್ ಮುಗಿಸಿದ್ದೆ. ಹೊಳೆನರಸೀಪುರದಿಂದ ಅರಕಲಗೂಡಿಗೆ ಹೋಗುವ ಬಸ್ಸಿನಲ್ಲಿ ನಡುವೆ ಇಳಿದು, ಎರಡು ಮೈಲಿ ನಡೆದರೆ ಸಿಗುವ ಹಳ್ಳಿಗೆ ನನ್ನನ್ನು ಹಾಕಿದರು. ಕೆಲಸ ಇನ್ನೂ ಖಾಯಂ ಅಲ್ಲ. ವರ್ಷದ ಕೊನೆಗೆ ಇನ್ಸ್‌ಪೆಕ್ಟರು ಬಂದು, ಪಾಠ ನೋಡಿ, ನಾಲ್ಕು ಒಳ್ಳೆ ಮಾತು ಬರೆದರೆ ಖಾಯಂ.

ಬರೆಯದಿದ್ದರೆ ಏನು ಅನ್ನೋದಕ್ಕೂ ಚನ್ನರಾಯಪಟ್ಟಣದಲ್ಲಿ ನಮ್ಮಪ್ಪ ಏರ್ಪಾಡು ಮಾಡಿಟ್ಟಿದ್ದರು. "ಖಾಯಂ ಆದ್ರೆ ನಿನ್ನ ಪಾಡಿಗೆ ನೀನು ಕೆಲಸ ಮಾಡ್ಕೊಂಡಿರಮ್ಮ, ನಾನು ಅಡ್ಡ ಬರಲ್ಲ. ಆಗದಿದ್ರೆ ಬಂದು ಸೋದರಮಾವನ್ನ ಮದುವೆ ಆಗು" ಅಂದಿದ್ದರು. ನನ್ನ ಸೋದರಮಾವ ಕೆಟ್ಟವನಲ್ಲ. ಆದರೆ ನನಗಿಂತ ಹದಿನಾಲ್ಕು ವರ್ಷ ದೊಡ್ಡವನು, ಉಣ್ಣುವಾಗ ಪ್ರತಿ ತುತ್ತಿಗೂ ಕಣ್ಣು ಮುಚ್ಚುತ್ತಿದ್ದ. ತಿಂಗಳಿಗೊಂದು ಅವನ ಕಾರ್ಡು ತಪ್ಪದೆ ಬರುತ್ತಿತ್ತು: "ಇನ್ಸ್‌ಪೆಕ್ಟರು ಬಂದಿದ್ದರೇ? ಬಹಳ ಕೋಪಿಷ್ಠರಂತೆ, ನಿಜವೇ?" ಆ ಕಾರ್ಡು ಬಂದ ದಿನ ನನಗೆ ಊಟ ಸೇರುತ್ತಿರಲಿಲ್ಲ.

ಆ ಊರಿನ ಸ್ಕೂಲಿಗೆ ಅದುವರೆಗೆ ಹೆಂಗಸು ಮೇಷ್ಟ್ರು ಬಂದಿರಲಿಲ್ಲ. ಮಕ್ಕಳು ನನ್ನನ್ನೂ "ಸಾ" ಅಂತಲೇ ಕರೆದವು. "ಸಾ ಅನ್ಬಾರದು ಕಣ್ರೋ, ಅಮ್ಮ ಅನ್ನಿ" ಅಂದೆ. "ಆಯ್ತು ಸಾ" ಅಂದವು. ಅದನ್ನು ಅಲ್ಲಿಗೇ ಕೈಬಿಟ್ಟೆ.

ಕೈ ಚಾಚಿದ ಹುಡುಗ

ಟ್ರೈನಿಂಗಿನಲ್ಲಿ ನಮಗೆ ಲೆಕ್ಕದ ಬೋಧನೆ ಹೇಳಿಕೊಟ್ಟವರು ಒಂದೇ ಮಾತನ್ನು ನೂರು ಸಲ ಹೇಳಿದ್ದರು: "ಉತ್ತರ ಸರಿಯೋ ತಪ್ಪೋ ಅಂತ ನೀವು ಹೇಳೋಕೆ ಹೋಗಬೇಡಿ. ಯಾಕೆ ಅಂತ ಕೇಳಿ. ಮಕ್ಕಳು ಮಾತಾಡಲಿ, ಒಬ್ಬರನ್ನೊಬ್ಬರು ಒಪ್ಪಿಸಲಿ." ನೋಟ್ ಬುಕ್ಕಿನಲ್ಲಿ ಕೆಂಪು ಶಾಯಿಯಲ್ಲಿ ಬರೆದು, ಅಡಿಗೆರೆ ಎಳೆದುಕೊಂಡಿದ್ದೆ.

ಮೊದಲ ದಿನವೇ ಪ್ರಯೋಗ ಮಾಡಿದೆ. ಮುಂದೆ ಕೂತಿದ್ದ ಒಬ್ಬ ಹುಡುಗನನ್ನು ಎಬ್ಬಿಸಿ, "ಐದು, ನಾಲ್ಕು ಕೂಡಿದರೆ ಎಷ್ಟಪ್ಪ?" ಅಂತ ಕೇಳಿದೆ.

"ಒಂಬತ್ತು ಸಾ."

"ಯಾಕೆ?"

ಹುಡುಗ ನನ್ನ ಮುಖ ನೋಡಿದ. ಆಮೇಲೆ ಸುಮ್ಮನೆ ಬಲಗೈ ಮುಂದೆ ಚಾಚಿ, ಅಂಗೈ ಮೇಲೆ ಮಾಡಿ, ಕಣ್ಣು ಬಿಗಿಯಾಗಿ ಮುಚ್ಚಿಕೊಂಡ. ನನಗೆ ಅರ್ಥವಾಗಲಿಲ್ಲ. ಪಕ್ಕದವನನ್ನು ಕೇಳಿದೆ, "ನೀನು ಹೇಳಪ್ಪ, ಯಾಕೆ?" ಅವನೂ ಕೈ ಚಾಚಿದ. ನನಗಿಂತ ಮುಂಚೆ ಇದ್ದ ಮೇಷ್ಟ್ರು ಬೆತ್ತ ಎತ್ತುವ ಮೊದಲು "ಯಾಕ್ಲಾ?" ಅಂತ ಒಂದು ಸಲ ಕೇಳುತ್ತಿದ್ದರು ಅಂತ ನನಗೆ ಗೊತ್ತಾದದ್ದು ಆಮೇಲೆ. ಆ ಊರಿನಲ್ಲಿ ಯಾಕೆ ಅನ್ನೋದು ಪ್ರಶ್ನೆಯೇ ಆಗಿರಲಿಲ್ಲ.

"ಹೊಡಿಯಲ್ಲ ಕಣೋ, ಕೈ ಇಳಿಸು. ಸುಮ್ನೆ ಹೇಳು" ಅಂದೆ ಮೊದಲ ಹುಡುಗನಿಗೆ.

ಅವನು ಒಂದು ಕಣ್ಣು ತೆರೆದ. "ಇನ್ನೊಂದ್ಸಲ ಅನ್ನಲ್ಲ ಸಾ."

"ಏನು ಅನ್ನಲ್ಲ?"

"ಒಂಬತ್ತು."

ಪಿಸುಮಾತು

ಒಂದು ತಿಂಗಳು ಕಾಡಿ ಬೇಡಿ, ಮಕ್ಕಳ ಬಾಯಿ ತೆರೆಸಿದೆ. ತೆರೆದದ್ದು ಆಮೇಲೆ ಮುಚ್ಚಲಿಲ್ಲ. "ಯಾಕೆ?" ಅಂದರೆ ಸಾಕು, ನಲವತ್ತು ಮಕ್ಕಳೂ ಒಟ್ಟಿಗೆ ಎದ್ದು ಕಾರಣ ಹೇಳುತ್ತಿದ್ದವು. ನನ್ನ ಕ್ಲಾಸಿಗೂ ಹೆಡ್ಮೇಷ್ಟ್ರ ಕ್ಲಾಸಿಗೂ ನಡುವೆ ಇದ್ದದ್ದು ಎದೆಯೆತ್ತರದ ಒಂದು ಮೋಟುಗೋಡೆ. ಅವರ ಪ್ರಕಾರ ಒಳ್ಳೆ ಕ್ಲಾಸು ಅಂದರೆ ನೊಣ ಹಾರಿದ್ದು ಕೇಳಬೇಕು.

ಒಂದು ದಿನ ಗೋಡೆಯ ಮೇಲೆ ಅವರ ಪೇಟ ಕಾಣಿಸಿತು. "ಏನಮ್ಮ, ನಿಮ್ಮ ಕ್ಲಾಸಿನಲ್ಲಿ ಇವತ್ತು ಯಾರೂ ಇಲ್ವೇ?"

"ನಾನಿದ್ದೀನಿ ಸಾರ್."

"ಇದ್ದೂ ಹೀಗೇ?"

ಇನ್ಸ್‌ಪೆಕ್ಟರಿಗೆ ಮೊದಲು ಮಾತು ಹೇಳುವವರು ಇವರೇ ತಾನೆ. ಅವತ್ತೇ ಮಕ್ಕಳಿಗೆ ಹೇಳಿದೆ: "ಚರ್ಚೆ ಮಾಡಿ, ಬೇಡ ಅನ್ನಲ್ಲ. ಆದರೆ ಪಿಸುಮಾತಿನಲ್ಲಿ ಮಾಡಿ. ಪಕ್ಕದ ಕ್ಲಾಸಿಗೆ ಕೇಳಿಸಬಾರದು." ಪಾಪ, ಮಕ್ಕಳು ಅಕ್ಷರಶಃ ಪಾಲಿಸಿದವು. ತಲೆಗೆ ತಲೆ ಕೊಟ್ಟು, ಬಾಯಿಗೆ ಕೈ ಅಡ್ಡ ಹಿಡಿದು, ಆರೆಂಟಲೆ ಎಷ್ಟು ಅಂತ ಗುಟ್ಟಾಗಿ ವಾದ ಮಾಡಿದವು. ನಡುವೆ ಯಾವುದಾದರೂ ಮಗು ಕಿಸಕ್ಕನೆ ನಕ್ಕು ಗೋಡೆಯ ಕಡೆ ನೋಡೋದು.

ನಾಲ್ಕನೇ ದಿನ ಹೆಡ್ಮೇಷ್ಟ್ರು ನನ್ನನ್ನು ಹೊರಗೆ ಕರೆದರು. ಮುಖ ಸಪ್ಪಗಿತ್ತು. "ನೋಡಮ್ಮ, ಮಕ್ಕಳು ಮೊದಲಿನ ಹಾಗೆ ಗಲಾಟೆ ಮಾಡಲಿ ಬಿಡಿ."

"ಯಾಕೆ ಸಾರ್?"

"ಗಲಾಟೆ ಆದ್ರೆ ಲೆಕ್ಕ ಅಂತ ಗೊತ್ತಾಗುತ್ತೆ. ಪಿಸುಗುಟ್ಟಿದ್ರೆ ನಮ್ಮನೆ ವಿಷಯ ಆಡ್ಕೊಳ್ತಿರೋ ಹಾಗೇ ಇರುತ್ತೆ."

ಎರಡು ಮುದ್ದೆ

ಅಷ್ಟು ಹೊತ್ತಿಗೆ ಈ ಯಾಕೆ ಅನ್ನೋದು ಸ್ಕೂಲಿನ ಗೇಟು ದಾಟಿ ಮನೆಗಳಿಗೂ ಹೋಗಿತ್ತು. ಒಂದು ಬೆಳಿಗ್ಗೆ ಒಬ್ಬ ಹುಡುಗನ ತಾಯಿ, ಕೈಯಲ್ಲಿ ಕುಡುಗೋಲು ಹಿಡಿದುಕೊಂಡೇ ಬಾಗಿಲಲ್ಲಿ ನಿಂತಿದ್ದಳು. ಹೊಲಕ್ಕೆ ಹೊರಟವಳು ಅಂತ ನನಗೆ ಆಗ ಹೊಳೆಯಲಿಲ್ಲ. ನಾನು ಮೇಜಿನ ಹಿಂದೆ ಸರಿದೆ.

"ಟೀಚರಮ್ಮ, ಇವ್ನಿಗೆ ಏನ್ ಯೋಳ್ಕೊಟ್ಟಿದ್ದೀರ? ನೀರ್ ತತ್ತಾರ್ಲಾ ಅಂದ್ರೆ ಯಾಕೆ ಅಂತಾನೆ. ದನ ಬುಡ್ಲಾ ಅಂದ್ರೆ ಯಾಕೆ ಅಂತಾನೆ. ರಾತ್ರಿ ಉಣ್ಣಾಕ್ ಕೂತ್ಕಂಡು, ಎರಡು ಮುದ್ದೆ ಸಾಕು ಕಣ್ಲಾ ಅಂದ್ರೆ, ಎಂಗೆ ಸಾಕು ಅಂತ ತೋರ್ಸವ್ವ ಅಂತಾನೆ."

"ಅದು ಒಳ್ಳೇದೇ ಕಣಮ್ಮ, ಮಗು ಯೋಚನೆ ಮಾಡ್ತಾ ಇದೆ" ಅಂದೆ, ಮೇಜಿನ ಹಿಂದಿನಿಂದಲೇ.

"ಯೋಚ್ನೆ ಮಾಡ್ಲಿ, ಬ್ಯಾಡ ಅನ್ನಕಿಲ್ಲ. ನೀವೇ ಬಂದು ತೋರ್ಸ್ಬುಟ್ಟು ಓಗಿ. ನಾನ್ ತೋರ್ಸಾಕ್ ಓಗಿ ನಾಕ್ ಮುದ್ದೆ ಕಳ್ಕಂಡೆ."

ಹನ್ನೆರಡು ಎಕರೆ

ಭಾಗಾಕಾರ ಶುರು ಮಾಡಬೇಕಾಗಿತ್ತು. ಪುಸ್ತಕದಲ್ಲಿ ಹನ್ನೆರಡು ಕಿತ್ತಳೆ ಹಣ್ಣಿನ ಲೆಕ್ಕ ಇತ್ತು. ಕಿತ್ತಳೆ ಹಣ್ಣಿನ ಬಗ್ಗೆ ಮಕ್ಕಳು ಏನು ಚರ್ಚೆ ಮಾಡಿಯಾವು? ಸಿಕ್ಕರೆ ತಿಂತಾವೆ ಅಷ್ಟೆ. ಮಕ್ಕಳ ಬದುಕಿನಿಂದಲೇ ಲೆಕ್ಕ ತೆಗೀಬೇಕು ಅಂತ ಟ್ರೈನಿಂಗಿನಲ್ಲಿ ಹೇಳಿದ್ದು ನೆನಪಿಗೆ ಬಂತು. ಬೋರ್ಡಿನ ಮೇಲೆ ಬರೆದೆ: "ಒಬ್ಬನಿಗೆ ಹನ್ನೆರಡು ಎಕರೆ ಹೊಲ. ಮೂವರು ಗಂಡುಮಕ್ಕಳು. ಸಮನಾಗಿ ಭಾಗ ಮಾಡಿದರೆ ಒಬ್ಬೊಬ್ಬರಿಗೆ ಎಷ್ಟು?"

"ನಾಕ್ ನಾಕ್ ಎಕ್ರೆ ಸಾ. ಮೂರ್ ನಾಕ್ಲೆ ಅನ್ನೆರಡು" ಅಂದ ಒಬ್ಬ.

"ಬರಾಕಿಲ್ಲ ಸಾ" ಅಂದ ಇನ್ನೊಬ್ಬ. "ದೊಡ್ಡೋನು ಜಾಸ್ತಿ ಗೇಯ್ದವ್ನೆ. ಅವ್ನಿಗೆ ಒಂದೆಕ್ರೆ ಎಚ್ಗೆ ಕೊಡ್ಬೇಕು."

"ಬಾವಿ ಇರ ಎಕ್ರೆನೂ ಕಲ್ಲಿರ ಎಕ್ರೆನೂ ಒಂದೇಯಾ ಸಾ?"

"ಅವ್ವ ಯಾರ್ ಮನೇಲಿ ಉಣ್ಣಾದು ಅದ್ನ ಮೊದ್ಲು ಯೋಳಿ."

ನನಗೆ ಸ್ವರ್ಗ ಮೂರೇ ಗೇಣು. ಚರ್ಚೆ ಅಂದರೆ ಇದು ಅಂತ ಹಿಗ್ಗಿದೆ. ಗಂಟೆ ಹೊಡೆಯುವವರೆಗೂ ಬಿಟ್ಟು, ಕೊನೆಗೆ ಬೋರ್ಡಿನ ಮೇಲೆ ದೊಡ್ಡದಾಗಿ ಬರೆದೆ: ಒಬ್ಬೊಬ್ಬರಿಗೆ ನಾಲ್ಕು ಎಕರೆ, ಶೇಷ ಸೊನ್ನೆ. ಊರಿನ ಪಟೇಲರಿಗೆ ಮೂವರು ಗಂಡುಮಕ್ಕಳು, ಹನ್ನೆರಡೇ ಎಕರೆ, ಅವರ ಮೊಮ್ಮಕ್ಕಳು ಇಬ್ಬರು ನನ್ನ ಕ್ಲಾಸಿನಲ್ಲೇ ಕೂತಿದ್ದಾರೆ ಅಂತ ನನಗೆ ಯಾರೂ ಹೇಳಿರಲಿಲ್ಲ.

ಮಾರನೇ ದಿನ ಪಟೇಲರು ಬಂದು ಜಗಲಿ ಮೇಲೆ ಕೂತರು. "ಏನವ್ವಾ, ನಮ್ಮನೆ ಭಾಗ ಮಾಡ್ಬುಟ್ರಂತೆ."

"ಅಯ್ಯೋ ಇಲ್ಲ ಯಜಮಾನ್ರೇ. ಭಾಗಾಕಾರ ಮಾಡಿದ್ದು."

"ಅದ್ಯಾವ ಆಕಾರಾನೋ ನಾ ಕಾಣೆ. ಮೊಮ್ಮಗ ಬಂದು ಅವರಪ್ಪನ್ಗೆ, ನಿಂಗೆ ನಾಕೆಕ್ರೆ ಬತ್ತದೆ ಕಣಪ್ಪೋ, ಬೋಲ್ಡ್ ಮ್ಯಾಲೇ ಬರ್ದವ್ರೆ ಅಂತು. ನೆನ್ನೆ ಸಂಜೆಯಿಂದ ಮೂರ್ ಜನ ಸೊಸೇರೂ ಒಲೆ ಎಲ್ಲೆಲ್ಲಿ ಊಡಾದು ಅಂತ ಜಾಗ ನೋಡ್ತಾವ್ರೆ."

ಇನ್ಸ್‌ಪೆಕ್ಟರು ಆ ಊರಿಗೆ ಬಂದಾಗ ಊಟ ಪಟೇಲರ ಮನೆಯಲ್ಲೇ. ಉಣ್ಣುತ್ತಾ ಕೂತಾಗ ಇವರು "ನಿಮ್ಮ ಟೀಚರಮ್ಮ ಮನೆ ಒಡೆದ್ಲು" ಅಂದರೆ ನನ್ನ ಕಥೆ ಮುಗಿಯಿತು. ತಪ್ಪಾಯ್ತು ಅಂತ ಹತ್ತು ಸಲ ಹೇಳಿದೆ. ಅವರು ಕೇಳಿಸಿಕೊಳ್ಳದೆ ಒಳಗೆ ಬಂದು ಬೋರ್ಡು ನೋಡಿದರು. ನಾನಿನ್ನೂ ಅಳಿಸಿರಲಿಲ್ಲ.

"ಇದೇನವ್ವ, ಕಡೇಲಿ ಸೊನ್ನೆ?"

"ಅದು ಶೇಷ. ಮೂವರಿಗೂ ಕೊಟ್ಟ ಮೇಲೆ ಉಳಿಯೋದು. ಇಲ್ಲಿ ಏನೂ ಉಳಿದಿಲ್ಲ."

ಪಟೇಲರು ಆ ಸೊನ್ನೆಯ ಮೇಲೆ ಬೆರಳಿಟ್ಟರು.

"ನಾನಿನ್ನೂ ಬದುಕಿವ್ನಿ ಕಣವ್ವ. ಇನ್ಮೇಲೆ ಅದಿಮೂರು ಎಕ್ರೆ ಲೆಕ್ಕ ಕೊಡು. ವಸಿ ಶೇಷ ಉಳೀಲಿ."

ನೆಗಡಿ

ವರ್ಷದ ಕೊನೆ ಹತ್ತಿರ ಬಂದಂತೆ ಇನ್ಸ್‌ಪೆಕ್ಟರ ಸುದ್ದಿ ಹಬ್ಬಿತು. ಚನ್ನರಾಯಪಟ್ಟಣದ ಕಡೆ ಒಂದು ಸ್ಕೂಲಿನಲ್ಲಿ ಮಕ್ಕಳು ಮಾತಾಡಿದ್ದಕ್ಕೆ "ತರಗತಿ ಸಂತೆಯಂತಿದೆ" ಅಂತ ಬರೆದರಂತೆ. ಸರಿ, ಸುಮ್ಮನಿರಿಸೋಣ ಅಂದುಕೊಂಡೆ. ವಾರ ಕಳೆಯುವುದರೊಳಗೆ ಅರಕಲಗೂಡಿನ ಕಡೆಯಿಂದ ಇನ್ನೊಂದು ಸುದ್ದಿ: ಮಕ್ಕಳು ಸುಮ್ಮನಿದ್ದದ್ದಕ್ಕೆ "ತರಗತಿ ಸ್ಮಶಾನದಂತಿದೆ" ಅಂತ ಬರೆದರಂತೆ. ಈ ಎರಡರ ನಡುವೆ ಯಾವ ಜಾಗ ಇದೆ ಅಂತ ನನಗೆ ತಿಳಿಯದೆ ಹೋಯಿತು. ಸಂತೆಯಿಂದ ಬಂದರೂ ಸ್ಮಶಾನದಿಂದ ಬಂದರೂ ನಾನು ಸೇರೋದು ಸೋದರಮಾವನ ಮನೆಯನ್ನೇ.

ಒಂಟಿಯಾಗಿ ಇರಬಾರದು ಅಂತ ಊರಿನಿಂದ ಬಂದು ನನ್ನ ಜೊತೆ ಇದ್ದ ನಮ್ಮಮ್ಮ ಹೇಳಿದಳು, "ಇನ್ಸ್‌ಪೆಕ್ಟರ ಮುಖ ನೋಡಿ ಮಕ್ಕಳನ್ನ ಮಾತಾಡಿಸು, ಮುಖ ನೋಡಿ ಸುಮ್ಮನಿರಿಸು." ಅದೂ ಸರಿಯೇ ಅನ್ನಿಸಿತು. ಮಕ್ಕಳಿಗೆ ಸನ್ನೆ ಕಲಿಸಿದೆ. ನಾನು ಕಿವಿ ಮುಟ್ಟಿದರೆ ಚರ್ಚೆ, ಮೂಗು ಮುಟ್ಟಿದರೆ ನಿಶ್ಶಬ್ದ.

ಕಲಿಸಿದ ಮಾರನೇ ದಿನ ನನಗೆ ನೆಗಡಿ ಬಂತು. ಐದು ದಿನ ಮೂಗಿನಿಂದ ಕೈ ತೆಗೆಯಲಾಗಲಿಲ್ಲ. ಐದು ದಿನವೂ ಕ್ಲಾಸಿನಲ್ಲಿ ಒಂದು ಉಸಿರಿಲ್ಲ. ಏನು ಕೇಳಿದರೂ ಮಕ್ಕಳು ನನ್ನ ಮೂಗನ್ನೇ ನೋಡುತ್ತಾ ಕೂತಿರುತ್ತಿದ್ದವು. ಆ ಸನ್ನೆಯ ಸಹವಾಸ ಸಾಕು ಅಂತ ಅಲ್ಲಿಗೇ ಬಿಟ್ಟೆ.

ಆ ಐದನೇ ದಿನ, ಶನಿವಾರ, ಹೆಡ್ಮೇಷ್ಟ್ರು ತಮ್ಮ ಮನೆಯಿಂದ ಕಷಾಯ ತಂದುಕೊಟ್ಟರು. "ಕುಡಿಯಮ್ಮ, ಪಾಪ" ಅಂದರು. ನಾನು ಲೋಟ ಎತ್ತುವಾಗ ಸದ್ದಿಲ್ಲದ ನನ್ನ ಕ್ಲಾಸಿನ ಕಡೆ ಒಂದು ಸಲ ನೋಡಿ, "ಅಥವಾ ಇನ್ನೊಂದು ವಾರ ಬಿಟ್ಟು ಕುಡೀತೀರೋ?" ಅಂದರು.

ಇಪ್ಪತ್ತೊಂದು ಗಜದ ಬೇಲಿ

ಕೊನೆಗೂ ಇನ್ಸ್‌ಪೆಕ್ಟರು ಬಂದರು. ಅವರೆಕಾಯಿ ಕಾಲ. ಬೆಳಿಗ್ಗೆಯೆಲ್ಲ ಬೇರೆ ಕ್ಲಾಸು ನೋಡಿ, ಮಧ್ಯಾಹ್ನ ಪಟೇಲರ ಮನೆಯಲ್ಲಿ ಹಿತಕಿದ ಬೇಳೆ ಸಾರು, ಮುದ್ದೆ, ಮೇಲೆ ಒಬ್ಬಟ್ಟು ಉಂಡು, ನನ್ನ ಕ್ಲಾಸಿಗೆ ಬಂದು ಕುರ್ಚಿಯಲ್ಲಿ ಕೂತರು. ಪಟೇಲರು ಏನು ಹೇಳಿದರೋ, ಮುಖ ನೋಡಿದರೆ ಗೊತ್ತಾಗುವ ಹಾಗಿರಲಿಲ್ಲ. "ನಾನು ಇಲ್ಲಿ ಇಲ್ಲ ಅಂತಲೇ ತಿಳ್ಕೊಂಡು ಪಾಠ ಮಾಡಿ" ಅಂದರು.

ಹಾಗೇ ಆಯಿತು. ನಾನು ಬೋರ್ಡಿನ ಮೇಲೆ ಲೆಕ್ಕ ಬರೆದು ತಿರುಗುವಷ್ಟರಲ್ಲಿ ಅವರು ಇಲ್ಲಿ ಇರಲಿಲ್ಲ. ಗದ್ದ ಎದೆಗೆ ತಾಗಿತ್ತು, ಸಣ್ಣಗೆ ಗೊರಕೆ ಶುರುವಾಗಿತ್ತು.

ಬೋರ್ಡಿನ ಮೇಲಿನ ಲೆಕ್ಕ ಇದು: "ಇಪ್ಪತ್ತೊಂದು ಗಜ ಉದ್ದದ ಬೇಲಿ. ಮೂರು ಗಜಕ್ಕೊಂದು ಗೂಟ. ಎರಡು ತುದಿಗೂ ಗೂಟ ಇರಬೇಕು. ಒಟ್ಟು ಎಷ್ಟು ಗೂಟ?" ಏಳು ಅಂತ ಕೆಲವರು, ಎಂಟು ಅಂತ ಕೆಲವರು ಕಿತ್ತಾಡಲಿ ಅಂತಲೇ ಒಂದು ವಾರ ಯೋಚಿಸಿ ಇಟ್ಟುಕೊಂಡಿದ್ದ ಲೆಕ್ಕ. ಆದರೆ ನೋಡುವವರು ನಿದ್ದೆ ಹೋದರೆ ಯಾರಿಗಾಗಿ ಚರ್ಚೆ? ನೋಡದೆ ಇದ್ದದ್ದನ್ನು ಅವರು ಏನಂತ ಬರೆದಾರು? ಎಬ್ಬಿಸಿದರೆ ಅವಮಾನ, ಎಬ್ಬಿಸದಿದ್ದರೆ ಸೋದರಮಾವ. ಬಾಗಿಲಲ್ಲಿ ನಿಂತಿದ್ದ ಹೆಡ್ಮೇಷ್ಟ್ರು ಎರಡು ಕೈಯನ್ನೂ ಆಡಿಸುತ್ತಿದ್ದರು. ಎಬ್ಬಿಸಿ ಅಂತಲೋ ಬೇಡ ಅಂತಲೋ, ಒಂದೂ ತಿಳಿಯಲಿಲ್ಲ.

ನಾನು ಡಸ್ಟರ್ ಬೀಳಿಸಿದೆ. ಏಳಲಿಲ್ಲ. ಕೆಮ್ಮಿದೆ. ಏಳಲಿಲ್ಲ. ಮೂರರ ಮಗ್ಗಿ ಎಲ್ಲರೂ ಜೋರಾಗಿ ಹೇಳಿ ಅಂತ ಮಕ್ಕಳಿಂದ ಹೇಳಿಸಿದೆ. ನಿದ್ದೆ ಇನ್ನೂ ಗಾಢವಾಯಿತು. ಅವರೂ ಮಗ್ಗಿ ಕೇಳುತ್ತಲೇ ತೂಕಡಿಸಿ ಬೆಳೆದವರಲ್ಲವೇ. ನನಗೆ ಕಣ್ಣಲ್ಲಿ ನೀರು ಬಂತು. ಮಕ್ಕಳೆಲ್ಲ ನನ್ನನ್ನೇ ನೋಡುತ್ತಿದ್ದವು.

ಆಗ ಒಬ್ಬ ಹುಡುಗಿ ಕೈ ಎತ್ತಿದಳು. ಕೂಲಿ ಮಾಡುವವರ ಮನೆಯ ಹುಡುಗಿ. ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಸ್ಕೂಲಿಗೆ ಬರುತ್ತಿದ್ದವಳು. ಹೆಚ್ಚು ಮಾತಿಲ್ಲ, ಆದರೆ ವರ್ಷದಲ್ಲಿ ಒಂದು ಸಲವೂ ಲೆಕ್ಕ ತಪ್ಪಿದವಳಲ್ಲ. "ಹೇಳಮ್ಮ" ಅಂದೆ. ಅವಳು ಕೂತಲ್ಲಿಂದ ಹೇಳಲಿಲ್ಲ. ಎದ್ದು ಮುಂದೆ ಬಂದು, ಕುರ್ಚಿಯ ಪಕ್ಕದಲ್ಲೇ ನಿಂತು, ಆಚೆ ಹೊಲದವರನ್ನು ಕೂಗುವ ದನಿಯಲ್ಲಿ ಹೇಳಿದಳು:

"ಏಳು ಸಾ!"

ಇನ್ಸ್‌ಪೆಕ್ಟರು ನೆಟ್ಟಗೆ ಎದ್ದು ನಿಂತರು. ಕಣ್ಣು ಇನ್ನೂ ಪೂರ್ತಿ ತೆರೆದಿರಲಿಲ್ಲ. "ಹಾಂ? ಯಾಕೆ?"

ಯಾಕೆ ಅಂದರೆ ಕಾರಣ ಹೇಳಬೇಕು ಅನ್ನೋದು ನಮ್ಮ ಕ್ಲಾಸಿನ ಕಟ್ಟಳೆ. "ಇಪ್ಪತ್ತೊಂದ್ರಲ್ಲಿ ಮೂರು ಏಳ್ ಸಲ ಓಯ್ತದೆ ಸಾ" ಅಂದಳು ಹುಡುಗಿ.

"ಏಳು ತಪ್ಪು ಸಾ" ಅಂತ ಹಿಂದಿನಿಂದ ಕುರಿ ಕಾಯುವವರ ಹುಡುಗ ಕೂಗಿದ. ಇನ್ಸ್‌ಪೆಕ್ಟರು ಕೂತುಬಿಟ್ಟರು.

"ಏಳೇ ಸಾ" ಅಂದಳು ಇವಳು. ಅವರು ಮತ್ತೆ ಎದ್ದರು.

ಅಲ್ಲಿಂದ ಮುಂದೆ ಕ್ಲಾಸು ನನ್ನ ಕೈಯಲ್ಲಿ ಇರಲಿಲ್ಲ. ಆ ಹುಡುಗ ಮುಂದೆ ಬಂದು, "ತೋರಿಸ್ತೀನಿ ನೋಡಿ. ಒಂದಡೀನೇ ಒಂದ್ ಗಜ ಅಂದ್ಕಳಿ. ನೀವೆಲ್ಲ ಗೂಟ" ಅಂತ ಹುಡುಗರನ್ನು ಎಳೆದು ಬಾಗಿಲಿನಿಂದ ಮೂರು ಮೂರು ಅಡಿಗೆ ಒಬ್ಬೊಬ್ಬನನ್ನು ನಿಲ್ಲಿಸಿದ. ಏಳು ಜನ ನಿಂತರು. ಸಾಲು ಕುರ್ಚಿಯ ಹತ್ತಿರ ಬಂದು ಮುಗಿಯುವಾಗ ಇನ್ನೂ ಮೂರಡಿ ಬೇಲಿ ಉಳಿದಿತ್ತು. ಆ ಮೂರಡಿ ಆಚೆ, ಸರಿಯಾಗಿ ಬೇಲಿಯ ತುದಿಯಲ್ಲಿ, ಇನ್ಸ್‌ಪೆಕ್ಟರು ನಿಂತಿದ್ದರು.

"ಎಂಟ್ನೇ ಗೂಟಕ್ಕೆ ಯಾರು?" ಅಂತ ಕೇಳಿದೆ, ನನಗೇ ಗೊತ್ತಿಲ್ಲದೆ.

"ಇನ್ಸ್‌ಪೆಟ್ರು ನಿಂತವ್ರಲ್ಲ ಸಾ" ಅಂದ ಆ ಹುಡುಗ.

ಹೆಡ್ಮೇಷ್ಟ್ರು ಬಾಗಿಲುವಾಡ ಹಿಡಿದುಕೊಂಡರು. ನನಗೆ ಚನ್ನರಾಯಪಟ್ಟಣದ ಬಸ್ಸು ಕಣ್ಣ ಮುಂದೆ ಬಂತು. ಇನ್ಸ್‌ಪೆಕ್ಟರು ಸಾಲನ್ನು ಒಂದು ಸಲ ನೋಡಿದರು, ಬೆರಳು ಮಡಚುತ್ತಾ ಎಣಿಸಿದರು. ಕೊನೆಯ ಬೆರಳನ್ನು ತಮ್ಮ ಎದೆಗೆ ತಾಗಿಸಿ, "ಎಂಟು" ಅಂದರು. "ಹೌದಲ್ಲ. ನಾನೂ ಏಳು ಅಂತಲೇ ಅಂದ್ಕೊಂಡು ಎದ್ದೆ."

ಹೋಗುವ ಮೊದಲು ಅವರು ಪುಸ್ತಕದಲ್ಲಿ ಬರೆದದ್ದನ್ನು ನಾನು ಇವತ್ತಿಗೂ ಬಾಯಿಪಾಠ ಒಪ್ಪಿಸಬಲ್ಲೆ. "ಗಣಿತ ಪಾಠ ತೃಪ್ತಿಕರ. ಮಕ್ಕಳ ಚರ್ಚೆ ನೋಡುವವರನ್ನು ಎಚ್ಚರಗೊಳಿಸುವಂತಿದೆ. ಖಾಯಂ ಮಾಡಬಹುದು." ಹೆಡ್ಮೇಷ್ಟ್ರು ಎರಡು ಸಲ ಓದಿ, ನಗಬಹುದೋ ಬಾರದೋ ಗೊತ್ತಾಗದೆ ಪುಸ್ತಕ ಮುಚ್ಚಿದರು. ನಾನು ಅತ್ತೆ. ಸೋದರಮಾವ "ಸಂತೋಷ" ಅಂತ ಒಂದೇ ಪದದ ಕಾರ್ಡು ಬರೆದ. ಆ ವರ್ಷವೇ ಶ್ರವಣಬೆಳಗೊಳದ ಕಡೆ ಹೆಣ್ಣು ನೋಡಿ ಮದುವೆಯಾದ.

ಆದರೆ ಒಂದು ವಿಷಯ ನನ್ನ ತಲೆ ಕೊರೆಯುತ್ತಿತ್ತು. ಆ ಹುಡುಗಿಯ ಅಪ್ಪ ಊರವರ ಹೊಲಕ್ಕೆಲ್ಲ ಬೇಲಿ ಕಟ್ಟುವ ಕೂಲಿ ಮಾಡುತ್ತಿದ್ದ. ಗೂಟ ಹೊತ್ತುಕೊಟ್ಟು ಅಭ್ಯಾಸ ಇರುವವಳು, ಯಾವತ್ತೂ ಲೆಕ್ಕ ತಪ್ಪದವಳು, ಇದನ್ನು ಹೇಗೆ ತಪ್ಪಿದಳು? ಮಾರನೇ ದಿನ ಸ್ಕೂಲು ಬಿಟ್ಟ ಮೇಲೆ ಅವಳನ್ನು ನಿಲ್ಲಿಸಿಕೊಂಡೆ.

"ಎರಡು ತುದಿಗೂ ಗೂಟ ಬೇಕು ಅಂತ ನಿನಗೆ ಗೊತ್ತಿರಲಿಲ್ವೇನೇ? ಏಳು ಅಂದ್ಯಲ್ಲ, ಯಾಕೆ?"

ಅವಳು ಜಾರುತ್ತಿದ್ದ ತಮ್ಮನನ್ನು ಸೊಂಟದ ಮೇಲೆ ಎತ್ತಿ ಕೂರಿಸಿಕೊಂಡು, ನನ್ನ ಕಡೆ ಕನಿಕರದಿಂದ ನೋಡಿದಳು.

"ಎಂಟು ಅಂತ ಗೊತ್ತಿತ್ತು ಸಾ. ಎಂಟು ಅಂದಿದ್ರೆ ಅವ್ರು ಏಳ್ತಿದ್ರಾ?"